ಮಲೆ ಬಂತು, ಮಲೆ!

ಜೂನ್ ತಿಂಗಳ ಒಂದು ಮಧ್ಯಾಹ್ನ ಹೊಂಗಡಹಳ್ಳದ ದೊಡ್ಡಮ್ಮನ ಮನೆಯ ಜಗಲಿಯಲ್ಲಿ ಕೂತಿದ್ದೆ. ಎದುರಿನ ಗುಡ್ಡ ನೋಡನೋಡುತ್ತಲೇ ಮಾಯವಾಯಿತು. ಮೊದಲು ನೆತ್ತಿ ಹೋಯಿತು, ಆಮೇಲೆ ಸಿಲ್ವರ್ ಮರಗಳ ಸಾಲು, ಆಮೇಲೆ ತೋಟದ ಬೇಲಿ. ಹೆಂಚಿನ ಮೇಲೆ ಮೊದಲ ಹನಿ ಟಪ್ ಅಂದದ್ದೇ ತಡ, ಅಣ್ಣನ ಮಗಳು, ಎರಡೂವರೆ ವರ್ಷದ ಪುಟ್ಟಿ, ಒಳಗಿನಿಂದ ಓಡಿಬಂದು ಎರಡೂ ಕೈ ಹೊರಗೆ ಚಾಚಿ ಕೂಗಿದಳು: "ಮಲೆ ಬಂತು! ಅತ್ತೆ, ಮಲೆ ಬಂತು!"

ನಗು ಬಂತು. ನಗು ನಿಲ್ಲುವ ಮೊದಲೇ ಮೈ ಜುಮ್ಮೆಂದಿತು. ಮಲೆ ಬಂತಂತೆ! ಮಲೆನಾಡಿನ ಮಗು ಮಳೆಯನ್ನು ಮಲೆ ಅನ್ನುತ್ತಿದೆ, ಅದೂ ಮಲೆಯೆಲ್ಲ ಮಳೆಯೊಳಗೆ ಕರಗಿಹೋದ ಹೊತ್ತಿನಲ್ಲಿ. ಒಳಗಿನಿಂದ ದೊಡ್ಡಮ್ಮ, "ಅಳ್ಳದ್ ಕಡೀಕ್ ಓಗ್ಬ್ಯಾಡ ಮಗ," ಅಂದರು. "ಅಲ್ಲ! ಅಲ್ಲ!" ಅಂತ ಪುಟ್ಟಿ ಕುಣಿದಳು. ಅಜ್ಜಿಯ ಮಾತು ಒಲ್ಲೆ ಅಂತ ಹಟ ಹಿಡಿದಿದ್ದಾಳೆ ಅಂದುಕೊಂಡೆ. ಹಟವೇ, ಆದರೆ ಬೇರೆ ಹಟ. ಅವಳ ಬಾಯಲ್ಲಿ 'ಅಲ್ಲ' ಅಂದರೆ ಹಳ್ಳ. ಮನೆಯ ಕೆಳಗೆ ಕೆಂಪಗೆ ಹರಿಯತೊಡಗಿದ್ದ ಹಳ್ಳ ಅವಳಿಗೆ ಬೇಕಿತ್ತು.

ಈ ಹಳ್ಳದ ಹೆಸರೇ ಊರಿಗೂ ಇದೆ. ಬಯಲುಸೀಮೆಯತ್ತ ತಿರುಗಿಸಲು ಎತ್ತಿನಹೊಳೆ ಯೋಜನೆಯವರು ಲೆಕ್ಕ ಹಾಕಿದ ನೀರುಗಳು ಎತ್ತಿನಹೊಳೆ, ಕೇರಿಹೊಳೆ, ಕಾಡುಮನೆಹೊಳೆ, ಹೊಂಗಡಹಳ್ಳ. ಅದರ ಪಾಡಿಗೆ ಬಿಟ್ಟರೆ ಈ ನೀರು ಪಡುವಣಕ್ಕಿಳಿದು ಗುಂಡ್ಯ, ಕುಮಾರಧಾರೆ, ನೇತ್ರಾವತಿ ಅಂತ ಹೆಸರು ಬದಲಾಯಿಸುತ್ತ ಮಂಗಳೂರಿನ ಕಡಲಿಗೆ ಸೇರುತ್ತದೆ. ಆದರೆ ಆ ದಿನ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರಲ್ಲ, ಹೆಸರು. "ನಿಮ್ಮೂರು ಯಾವುದು ಪುಟ್ಟಿ?" ಅಂದೆ. ಎದೆಯುಬ್ಬಿಸಿ ಹೇಳಿದಳು: "ಒಂದದಲ್ಲ."

ಒಂದದಲ್ಲ! ಒಗಟು ಕೇಳಿದ ಹಾಗಾಯಿತು. ಬಿಡಿಸಿ ನೋಡಿ. ಹೊ ಹೋಗಿ ಒ ಆಯಿತು. ಗ ಹೋಗಿ ದ ಆಯಿತು. ಡ ಹೋಗಿ ಅದೂ ದ ಆಯಿತು. ಹಳ್ಳದ ಹಕಾರ ಉದುರಿತು, ಳ್ಳ ಮೆತ್ತಗಾಗಿ ಲ್ಲ ಆಯಿತು. ಊರ ಹೆಸರಿನಲ್ಲಿ ಒಂದೇ ಒಂದು ವ್ಯಂಜನವೂ ತನ್ನ ಜಾಗದಲ್ಲಿ ಉಳಿದಿಲ್ಲ. ಆದರೂ ಹೆಸರಿನ ಮೈಕಟ್ಟು ಹಾಗೇ ಇದೆ. ಎಲ್ಲಿ ಒತ್ತು ಇದೆಯೋ ಅಲ್ಲಿ ಒತ್ತು, ಎಲ್ಲಿ ಅನುಸ್ವಾರ ಇದೆಯೋ ಅಲ್ಲೇ ಅನುಸ್ವಾರ. ಮನೆಯ ಹಂಚು ಒಂದೊಂದನ್ನೂ ಬದಲಾಯಿಸಿ ಮಾಡನ್ನು ಮಾತ್ರ ಮುಟ್ಟದೆ ಬಿಟ್ಟ ಹಾಗೆ!

ಆ ರಾತ್ರಿ ಕರೆಂಟು ಹೋಯಿತು, ಮಲೆನಾಡಿನಲ್ಲಿ ಮಳೆ ಬಂದರೆ ಅದು ಹೋಗಲೇಬೇಕು. ಕ್ಯಾಲೆಂಡರಿನ ಹಿಂಬದಿಯಲ್ಲಿ ಪುಟ್ಟಿಯ ಮಾತುಗಳನ್ನು ಟಾರ್ಚಿನ ಬೆಳಕಿನಲ್ಲಿ ಬರೆಯುತ್ತ ಹೋದೆ. ಕಾಗೆ: ತಾದೆ. ಕಡುಬು: ತದುಬು. ರೊಟ್ಟಿ: ಲೊತ್ತಿ. ಮರ: ಮಲ. ಸೊಪ್ಪು: ತೊಪ್ಪು. ಹೂವು: ಊವು. ಬರೆದಷ್ಟೂ ಕೈ ನಡುಗಿತು. ಇವು ಬಾಯಿಗೆ ಬಂದ ಹಾಗೆ ಆಡಿದ ಮಾತುಗಳೇ ಅಲ್ಲ! ಗಂಟಲಿನ ಹತ್ತಿರ ಹುಟ್ಟುವ ಕ, ಗ ಎಲ್ಲೇ ಬರಲಿ, ಹಲ್ಲಿನ ಹತ್ತಿರದ ತ, ದ ಆಗುತ್ತಿದ್ದವು. ನಾಲಿಗೆ ಮಡಚುವ ಟ, ಡಗಳೂ ಹಲ್ಲಿಗೇ ಬಂದು ಸೇರುತ್ತಿದ್ದವು. ಗಾಳಿ ಸುಯ್ಯೆನ್ನುವ ಸಕಾರ ಸುಯ್ಯೆನ್ನದೆ ತಟ್ಟನೆ ನಿಂತು ತ ಆಗುತ್ತಿತ್ತು. ಒಂದು ಪದ ಮಾತ್ರ ಸಾಲು ತಪ್ಪಿತು. ಕಪ್ಪೆ 'ತಪ್ಪೆ' ಆಗಬೇಕಿತ್ತು, 'ಪಪ್ಪೆ' ಆಗಿತ್ತು. ಹತ್ತು ನಿಮಿಷ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಮುಂದೆ ಬರುವ ದಪ್ಪನೆಯ 'ಪ್ಪ' ತನ್ನ ಹಿಂದಿನ ಕಕಾರವನ್ನು ತನ್ನ ಕಡೆಗೆ ಎಳೆದುಕೊಂಡಿದೆ! ಅದೂ ಒಂದು ಕಟ್ಟಳೆಯೇ. ಕಟ್ಟಳೆ ಮೀರಿದ್ದು ಅಂದುಕೊಂಡದ್ದು ಇನ್ನೊಂದು ಕಟ್ಟಳೆಯ ಪ್ರಕಾರ ನಡೆದಿತ್ತು.

ಎರಡೂವರೆ ವರ್ಷದ ಕೂಸು ಇಷ್ಟೊಂದು ನಿಯಮಗಳನ್ನು ತಲೆಯಲ್ಲಿಟ್ಟುಕೊಂಡು, ಒಂದನ್ನೂ ಮರೆಯದೆ, ಓಡುತ್ತ ಬೀಳುತ್ತ ಮಾತಾಡುತ್ತಿದೆ. ನಾವು ಇದಕ್ಕೆ ತೊದಲು ಅನ್ನುತ್ತೇವೆ.

ಇನ್ನೂ ದೊಡ್ಡ ಬೆರಗು ಮರುದಿನ ಬೆಳಿಗ್ಗೆ ಕಾದಿತ್ತು. ದೊಡ್ಡಮ್ಮ ಬೆಲ್ಲದ ಕಾಪಿ ಕೊಟ್ಟರು (ಕಾಫಿ ಅಲ್ಲ, ಕಾಪಿ. ಕಾಫಿ ಬೆಳೆಯುವ ನಾಡಿನಲ್ಲಿ ಅದನ್ನು ಕಾಫಿ ಅನ್ನುವವರು ಕಡಿಮೆ). ಪುಟ್ಟಿ ನನ್ನ ಲೋಟದ ಕಡೆ ಬೆರಳು ತೋರಿಸಿ "ತಾಪಿ" ಅಂದಳು. ಮುದ್ದು ಮಾಡೋಣ ಅಂತ, "ತಾಪಿ ಬೇಕಾ ತಾಪಿ?" ಅಂದೆ. ಹುಬ್ಬು ಗಂಟಾಯಿತು. "ತಾಪಿ ಅಲ್ಲ. ತಾಪಿ!" "ಹೌದಮ್ಮ, ತಾಪಿ." "ಅಲ್ಲಾ! ತಾ...ಪಿ!" ಕಣ್ಣಲ್ಲಿ ನೀರೇ ಬಂತು. ಸೋತು, "ಕಾಪಿ ಬೇಕಾ?" ಅಂದೆ. ಮುಖ ಅರಳಿತು. "ಊಂ. ತಾಪಿ."

ಅಂದರೆ ಅವಳ ಕಿವಿಯಲ್ಲಿ ಕಾಪಿ ಕಾಪಿಯಾಗಿಯೇ ಇದೆ! ನಾನು 'ತಾಪಿ' ಅಂದದ್ದು ತಪ್ಪು ಅಂತ ಅವಳಿಗೆ ಗೊತ್ತು. ತಾನು ಅಂದದ್ದೂ ಅದೇ ಅಂತ ಮಾತ್ರ ಗೊತ್ತಿಲ್ಲ, ಅಥವಾ ಗೊತ್ತಿದ್ದರೂ ನಾಲಿಗೆ ಅಲ್ಲಿಗೆ ಮುಟ್ಟುತ್ತಿಲ್ಲ. 1960ರಲ್ಲಿ ಜೀನ್ ಬರ್ಕೋ ಮತ್ತು ರೋಜರ್ ಬ್ರೌನ್ ಎಂಬ ಅಮೆರಿಕದ ವಿದ್ವಾಂಸರು ಇಂಥದ್ದೇ ಜಗಳವೊಂದನ್ನು ಬರೆದಿಟ್ಟಿದ್ದಾರೆ. ಅಲ್ಲಿ ಮಗುವಿನ ಕೈಯಲ್ಲಿದ್ದದ್ದು ಪ್ಲಾಸ್ಟಿಕ್ ಮೀನು. ಮಗು 'ಫಿಶ್' ಅನ್ನಲಾರದೆ 'ಫಿಸ್' ಅನ್ನುತ್ತಿತ್ತು, ದೊಡ್ಡವರು 'ಫಿಸ್' ಅಂದರೆ ಒಪ್ಪುತ್ತಿರಲಿಲ್ಲ. ಆ ಮೀನು ಭಾಷಾವಿಜ್ಞಾನದ ಪುಸ್ತಕಗಳಲ್ಲೆಲ್ಲ ಈಜಾಡುತ್ತಿದೆ. ನಮ್ಮ ತಾಪಿ ಮಾತ್ರ ಜಗಲಿಯಲ್ಲಿ ಆರಿಹೋಯಿತು.

ಕಿವಿ ನಾಲಿಗೆಗಿಂತ ಎಷ್ಟು ಮುಂದೆ ಓಡುತ್ತದೆ ಅಂದರೆ, ಹುಟ್ಟುವ ಮೊದಲೇ ಹೊರಟುಬಿಟ್ಟಿರುತ್ತದೆ. ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ಅಮ್ಮನ ಮಾತಿನ ಏರಿಳಿತ ಕೇಳಿಸುತ್ತದೆ. 2009ರಲ್ಲಿ ಜರ್ಮನಿಯ ಸಂಶೋಧಕರು ಹುಟ್ಟಿ ಕೆಲವೇ ದಿನವಾಗಿದ್ದ ಅರವತ್ತು ಕೂಸುಗಳ ಅಳುವನ್ನು ಧ್ವನಿಮುದ್ರಿಸಿಕೊಂಡರು. ಫ್ರೆಂಚ್ ತಾಯಂದಿರ ಮಕ್ಕಳ ಅಳು ಕೆಳಗಿನಿಂದ ಮೇಲಕ್ಕೇರುತ್ತಿತ್ತು, ಜರ್ಮನ್ ತಾಯಂದಿರ ಮಕ್ಕಳದ್ದು ಮೇಲಿನಿಂದ ಕೆಳಗಿಳಿಯುತ್ತಿತ್ತು, ಆ ಎರಡು ಭಾಷೆಗಳ ರಾಗದ ಹಾಗೆಯೇ! ಅಳುವಿಗೂ ಮಾತೃಭಾಷೆ ಉಂಟು ಅಂತ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಇನ್ನೊಂದು ಪ್ರಯೋಗವಂತೂ ನೇರ ನಮ್ಮ ಟ, ಡಗಳ ಮೇಲೆಯೇ ನಡೆದದ್ದು. ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬುವರು ಇಂಗ್ಲಿಷ್ ಮನೆಗಳ ಪುಟ್ಟ ಮಕ್ಕಳಿಗೆ ಹಿಂದಿಯ 'ತ' ಮತ್ತು 'ಟ' ಕೇಳಿಸಿದರು. ಸದ್ದು ಬದಲಾದಾಗ ಮಗು ತಲೆ ತಿರುಗಿಸಿದರೆ ಪಕ್ಕದಲ್ಲಿ ಗೊಂಬೆಯೊಂದು ಬೆಳಗಿ ಕುಣಿಯುತ್ತದೆ. ಇಂಗ್ಲಿಷಿನಲ್ಲಿ ಈ ಭೇದವೇ ಇಲ್ಲ, ಅಲ್ಲಿನ ದೊಡ್ಡವರಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಆದರೆ ಆರೇಳು ತಿಂಗಳ ಕೂಸುಗಳು ತಟ್ಟನೆ ತಲೆ ತಿರುಗಿಸಿದವು! ಹತ್ತು ಹನ್ನೆರಡು ತಿಂಗಳಾಗುವ ಹೊತ್ತಿಗೆ ಅವುಗಳಲ್ಲಿ ಬಹುಪಾಲು ಕೂಸುಗಳ ಕಿವಿ ಆ ಬಾಗಿಲನ್ನು ಮುಚ್ಚಿಕೊಂಡಿತ್ತು. ಹಿಂದಿ ಮನೆಗಳ ಮಕ್ಕಳಿಗೆ ಮಾತ್ರ ಅದು ತೆರೆದೇ ಇತ್ತು. 1984ರಲ್ಲಿ ಪ್ರಕಟವಾದ ಶೋಧ ಇದು. ಲೋಕದ ಯಾವ ಭಾಷೆಗಾದರೂ ಸಿದ್ಧವಾಗಿ ಹುಟ್ಟುವ ಕಿವಿ, ಮೊದಲ ವರ್ಷ ತುಂಬುವುದರೊಳಗೆ ತನ್ನ ಮನೆಗೆ ಬೇಕಾದದ್ದನ್ನು ಆರಿಸಿಕೊಂಡು ಉಳಿದದ್ದನ್ನು ಕೈಬಿಡುತ್ತದೆ. ಕತ್ತೆಯನ್ನೂ ಕಟ್ಟೆಯನ್ನೂ 'ತತ್ತೆ' ಅನ್ನುವ ಪುಟ್ಟಿ ಅವೆರಡರ ವ್ಯತ್ಯಾಸವನ್ನು ತೊಟ್ಟಿಲಲ್ಲೇ ಕೇಳಿಸಿಕೊಂಡಿದ್ದಾಳೆ. ಬಜೆ ತೇಯ್ದು ನಾಲಿಗೆಗೆ ನೆಕ್ಕಿಸಿದರೆ ಮಾತು ಬೇಗ ಬರುತ್ತದೆ ಅಂತ ನಮ್ಮಲ್ಲಿ ನಂಬಿಕೆ. ಮಾತು ಬರುವುದು ಕಿವಿಯ ದಾರಿಯಲ್ಲಿ.

ನಾಲಿಗೆಯ ಪಾಡು ಬೇರೆ. ಎರಡು ಮೂರು ತಿಂಗಳಿಗೆ ಅಂಗಾತ ಮಲಗಿದ ಕೂಸು 'ಉಂಗಾ', 'ಅಗ್ಗೂ' ಅನ್ನುತ್ತದೆ. ಅಲ್ಲಿರುವುದು ಗಂಟಲಿನ ಗಕಾರ! ಅದೇ ಮಗು ಎರಡು ವರ್ಷಕ್ಕೆ ಕಾಗೆಯನ್ನು ತಾದೆ ಅನ್ನುತ್ತದೆ. ಆಗ ಬಂದದ್ದು ಈಗ ಯಾಕೆ ಬಾರದು? ಆಗಿನದು ಬರೀ ಸದ್ದು, ಬಾಯಲ್ಲಿ ತಾನಾಗಿ ಆದದ್ದು. ಈಗ ಬೇಕಿರುವುದು ಕಾಗೆ ಕಂಡಾಗ, ಕಾಗೆಯ 'ಕಾ' ಬರಬೇಕಾದ ಜಾಗದಲ್ಲಿ, ನಾಲಿಗೆಯ ಬೆನ್ನು ಎದ್ದು ಮೇಲಕ್ಕೆ ಮುಟ್ಟಬೇಕು, ಮರುಕ್ಷಣ ಬಿಡಬೇಕು. ದೊಡ್ಡವರು ಮಾತಾಡುವಾಗ ಸೆಕೆಂಡಿಗೆ ಹತ್ತು ಹದಿನೈದು ಧ್ವನಿಗಳು ಹೊರಡುತ್ತವೆ. ನೋಡಿದರೆ ಕಾಣುವುದು ತುಟಿ ಮಾತ್ರ. ಹಾಗಾಗಿಯೋ ಏನೋ ಮಗು ತುಟಿಯಿಂದ ಶುರು ಮಾಡುತ್ತದೆ. ಆರೇಳು ತಿಂಗಳಿಗೆ ಬಬಬಬ, ಮಮಮಮ. ಬುವ್ವ, ಮಮ್ಮು.

ಇಲ್ಲೊಂದು ಮಜಾ ಇದೆ. ನಮ್ಮ ಅಕ್ಷರಮಾಲೆ ಬಾಯಿಯ ನಕ್ಷೆಯೇ ತಾನೆ? ಕ ಖ ಗ ಗಂಟಲ ಹತ್ತಿರ, ಚ ಛ ಜ ಅಂಗುಳಿನಲ್ಲಿ, ಟ ಠ ಡ ನಾಲಿಗೆ ಮಡಚಿ, ತ ಥ ದ ಹಲ್ಲಿಗೆ, ಪ ಫ ಬ ತುಟಿಗೆ. ಒಳಗಿನಿಂದ ಹೊರಕ್ಕೆ ಹೆಜ್ಜೆ ಹೆಜ್ಜೆಯಾಗಿ ಬರುವ ಈ ಸಾಲನ್ನು ಹಿಂದಿನವರು ಕಿವಿಯಿಂದಲೇ ಕಂಡುಕೊಂಡರು. ಪುಟ್ಟಿ ಅದನ್ನು ಹಿಂದುಮುಂದಾಗಿ ಓದುತ್ತಿದ್ದಾಳೆ! ಮೊದಲು ಪ ಬ ಮ, ಆಮೇಲೆ ತ ದ ನ, ಕಡೆಗೆಲ್ಲೋ ಕ, ಗ. ತುಟಿಯಿಂದ ಕಷ್ಟಪಟ್ಟು ಗಂಟಲ ಬಾಗಿಲಿಗೆ ಬಂದು ಮುಟ್ಟುವ ಹೊತ್ತಿಗೆ ಅಂಗನವಾಡಿಗೆ ಸೇರಿಸಿ, "ಕ ಇಂದ ಶುರು ಮಾಡು," ಅನ್ನುತ್ತೇವೆ.

ಮನೆಯವರನ್ನು ಕೂಗುವ ಹೆಸರುಗಳನ್ನು ನೋಡಿ. ಅಪ್ಪ, ಅಮ್ಮ, ಅವ್ವ ತುಟಿಯಲ್ಲಿ. ಅತ್ತೆ ಹಲ್ಲಿನಲ್ಲಿ. ಅಣ್ಣ ನಾಲಿಗೆ ಮಡಚಿ. ಅಜ್ಜ, ಅಜ್ಜಿ ಅಂಗುಳಿನಲ್ಲಿ. ಅಕ್ಕ ಗಂಟಲಲ್ಲಿ. ಇಡೀ ಬಾಯಿಯನ್ನು ಬಂಧುಗಳಿಗೆ ಹಂಚಿಕೊಟ್ಟ ಹಾಗಿದೆ! ಎಲ್ಲದರಲ್ಲೂ ಎರಡೇ ಅಕ್ಷರ, ಎಲ್ಲದರಲ್ಲೂ ಒತ್ತು. ನಾಲಿಗೆ ಆ ಜಾಗದಲ್ಲಿ ಒಂದು ಕ್ಷಣ ನಿಂತು ಸುಧಾರಿಸಿಕೊಳ್ಳಬಹುದು. ರಕಾರ ಒಂದರಲ್ಲೂ ಇಲ್ಲ. ಯಾರೂ ಕೂತು ಯೋಜನೆ ಹಾಕಿ ಮಾಡಿದ್ದಲ್ಲ, ಮಕ್ಕಳ ಬಾಯಲ್ಲಿ ಉರುಳಿ ಉರುಳಿ ನುಣ್ಣಗಾದ ಹೊಳೆಗಲ್ಲುಗಳಂತೆ ಕಾಣುತ್ತವೆ. ಪುಟ್ಟಿ ಇನ್ನೂ ಅಕ್ಕನ ತನಕ ತಲುಪಿಲ್ಲ, ಅದು 'ಅತ್ತ'. ಅವಳು ಅಕ್ಕನನ್ನು ಕೂಗಿದಾಗಲೆಲ್ಲ ನಾನು ತಿರುಗಿ ನೋಡುತ್ತಿದ್ದೆ.

ಆನೆಯನ್ನಂತೂ ಹೇಳಲೇಬೇಕು. ಸಕಲೇಶಪುರ, ಆಲೂರಿನ ಕಡೆ ಆನೆ ಅಂದರೆ ಚಿತ್ರಪುಸ್ತಕದ ಪ್ರಾಣಿಯಲ್ಲ. ನಿನ್ನೆ ರಾತ್ರಿ ಬಾಳೆ ಮುರಿದು ಹೋದದ್ದು, ಇವತ್ತು ಯಾವ ದಾರಿಯಲ್ಲಿದೆ ಅಂತ ಫೋನಿನಲ್ಲಿ ವಿಚಾರಿಸಬೇಕಾದದ್ದು. ಪುಟ್ಟಿ ಅದನ್ನು ಅಚ್ಚುಕಟ್ಟಾಗಿ 'ಆನೆ' ಅನ್ನುತ್ತಾಳೆ, ಒಂದಿನಿತೂ ತೊದಲದೆ. ಕಾಡಿನ ಅತಿ ದೊಡ್ಡ ಪ್ರಾಣಿಗೆ ಅತಿ ಸುಲಭದ ಹೆಸರು. ಇರುವೆ ಮಾತ್ರ ಅವಳ ಬಾಯಲ್ಲಿ ನೆಟ್ಟಗಾಗಿಲ್ಲ, 'ಇಲುವೆ'.

ಕನ್ನಡದ ಮಕ್ಕಳ ಉಚ್ಚಾರಣೆಯನ್ನು ಕೂತು ಎಣಿಸಿದವರು ಮೈಸೂರಿನಲ್ಲಿದ್ದಾರೆ. ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಆಟೋದವರಿಗೆ 'ಸ್ಪೀಚ್ ಅಂಡ್ ಹಿಯರಿಂಗ್' ಅಂದರೆ ಸಾಕು. 1972ರಲ್ಲಿ ಬಾಬು, ರತ್ನ, ಬೆಟ್ಟಗೇರಿ ಎಂಬ ಮೂವರು ಕನ್ನಡಕ್ಕೆಂದೇ ಉಚ್ಚಾರಣಾ ಪರೀಕ್ಷೆಯೊಂದನ್ನು ಕಟ್ಟಿದರು. ಮಗುವಿಗೆ ಚಿತ್ರ ತೋರಿಸುವುದು, ಹೆಸರು ಹೇಳಿಸುವುದು, ಯಾವ ಧ್ವನಿ ಪದದ ಎಲ್ಲಿ ಬಂತು, ಎಲ್ಲಿ ಬಾರಲಿಲ್ಲ ಅಂತ ಗುರುತು ಹಾಕಿಕೊಳ್ಳುವುದು. 1977ರಲ್ಲಿ ತಸ್ನೀಮ್ ಬಾನು ಮೂರರಿಂದ ಆರೂವರೆ ವರ್ಷದ ಮಕ್ಕಳನ್ನು ಅಭ್ಯಾಸ ಮಾಡಿದರು. 2010ರಲ್ಲಿ ದೀಪಾ ಮತ್ತು ಸಾವಿತ್ರಿ ಆ ಹಳೆಯ ಪರೀಕ್ಷೆಯನ್ನೇ ಈ ಕಾಲದ ಮಕ್ಕಳಿಗೆ ಹೊಂದಿಸಿ ಹೊಸದಾಗಿ ತೂಗಿದರು. ಸ್ಥೂಲವಾಗಿ ಹೇಳುವುದಾದರೆ ಸ್ವರಗಳು ಮೊದಲು, ಮೂರರ ಹೊತ್ತಿಗೆ ಹೆಚ್ಚಿನ ವ್ಯಂಜನಗಳು, ಹಿಂದುಳಿಯುವವು ರಕಾರ, ಸಕಾರ, ಶಕಾರ, ಹಕಾರ, ಕಡೆಗೆ ಒತ್ತಕ್ಷರಗಳ ಗೊಂಚಲು.

ಗೊಂಚಲು ಅಂದೆನಲ್ಲ, ಒಂದೇ ಅಕ್ಷರದ ಒತ್ತು ಮಗುವಿಗೆ ಮೆತ್ತನೆಯ ದಿಂಬು, ಬೇರೆ ಬೇರೆ ಅಕ್ಷರ ಕೂಡಿದರೆ ಮುಳ್ಳುಬೇಲಿ. ಚಂದ್ರ 'ತಂದ' ಆಗುತ್ತಾನೆ, ಸೂರ್ಯ 'ತೂಯ'. ಒಂದು ಸಂಜೆ ಪುಟ್ಟಿ ಏನೋ ಅಪಶಕುನದ ಮಾತಾಡಿಬಿಟ್ಟಳು. "ಬಿಡ್ತು ಅನ್ನು," ಅಂತ ದೊಡ್ಡಮ್ಮ ಗದರಿದರು. "ಬಿತ್ತು," ಅಂದಳು ಪುಟ್ಟಿ. ಅಂದವಳೇ ಬಗ್ಗಿ ಮಂಚದ ಕೆಳಗೆ ಏನು ಬಿತ್ತು ಅಂತ ಹುಡುಕಿದಳು.

ಇಂಗ್ಲಿಷ್ ಮಕ್ಕಳು ಪದದ ಕೊನೆಯ ವ್ಯಂಜನವನ್ನು ನುಂಗುವುದು ಸಾಮಾನ್ಯ. ನಮ್ಮ ಮಕ್ಕಳಿಗೆ ನುಂಗಲು ಅಲ್ಲಿ ಏನೂ ಇರುವುದೇ ಇಲ್ಲ, ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಹೊರಗಿನಿಂದ ಬಂದ ಬಸ್ಸಿಗೂ ಕಾರಿಗೂ ಬಲ್ಬಿಗೂ ಬಾಲಕ್ಕೊಂದು ಉಕಾರ ಕಟ್ಟಿಯೇ ಒಳಗೆ ಬಿಟ್ಟುಕೊಂಡಿದ್ದೇವೆ. ಅದನ್ನು ಮಾಡಿದ್ದು ಮಕ್ಕಳಲ್ಲ, ದೊಡ್ಡವರು!

ದೊಡ್ಡವರ ಈ ಮಾತಿಗೇ ಬರುತ್ತಿದ್ದೆ. ದೊಡ್ಡಮ್ಮ 'ಅಳ್ಳ' ಅಂದದ್ದು ನೆನಪಿದೆಯಲ್ಲ? ಹಾಲು ಅವರಿಗೂ 'ಆಲು'. ಅವರೇನು ತೊದಲುತ್ತಿಲ್ಲ, ಎಪ್ಪತ್ತು ವರ್ಷದಿಂದ ತಮ್ಮ ಕನ್ನಡವನ್ನು ಸರಿಯಾಗಿ ಆಡುತ್ತಿದ್ದಾರೆ. ಹಾಗಾದರೆ ಪುಟ್ಟಿಯ ಹಕಾರ ಬಿದ್ದುಹೋದದ್ದು ಬಾಲಭಾಷೆಯೋ, ಅಜ್ಜಿಯ ಭಾಷೆಯೋ? ಅಜ್ಜಿಯಿಂದ ಕೇಳಿದ್ದನ್ನೇ ಆಡಿದರೆ ಅದು ತಪ್ಪಲ್ಲ, ಕಲಿಕೆ. ಪೇಟೆಯ ಪರೀಕ್ಷೆಯ ಹಾಳೆ ಹಿಡಿದು ಈ ಮನೆಗೆ ಬಂದವರು ಮೊದಲು ಅಜ್ಜಿಯನ್ನು ಮಾತಾಡಿಸಬೇಕು. ಭಾಷೆ 'ಬಾಸೆ' ಆಗುವುದೂ ಹೀಗೆಯೇ. ಕನ್ನಡಿಗರಲ್ಲಿ ಹೆಚ್ಚಿನವರು ಮಾತಿನಲ್ಲಿ ಮಹಾಪ್ರಾಣ ಬಳಸುವುದಿಲ್ಲ ಅಂತ ಭಾಷಾವಿಜ್ಞಾನಿ ಡಿ.ಎನ್. ಶಂಕರಭಟ್ಟರು ಮತ್ತೆ ಮತ್ತೆ ಬರೆದರು.

ಆ ಹಕಾರಕ್ಕೂ ಒಂದು ಕಥೆ ಇದೆ, ಅದು ಹೊಂಗಡಹಳ್ಳ ಇರುವ ಇದೇ ಹಾಸನ ಜಿಲ್ಲೆಯ ಕಲ್ಲಿನ ಮೇಲಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರ ಶಾಸನದಲ್ಲಿ ಊರಿನ ಹೆಸರು ಹಲ್ಮಿಡಿ ಅಲ್ಲ, ಪಲ್ಮಡಿ! ಪ ಇದ್ದದ್ದು ಹ ಆಯಿತು. ಹತ್ತನೇ ಶತಮಾನದ ಆಸುಪಾಸಿನಿಂದ ಮೂರು ನಾಲ್ಕು ಶತಮಾನಗಳಲ್ಲಿ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು, ಪಳ್ಳ ಹಳ್ಳವಾಯಿತು. ದೊಡ್ಡಮ್ಮನ ಬಾಯಲ್ಲಿ ಅದು ಅಳ್ಳ. ಮೊಮ್ಮಗಳ ಬಾಯಲ್ಲಿ ಅಲ್ಲ.

ಮಳೆಯನ್ನೂ ತೂಗಿ ನೋಡಿ. ಹಳಗನ್ನಡದಲ್ಲಿ ಅದು ಮೞೆ. ಘಟ್ಟದಾಚೆಯ ಮಲಯಾಳಿಗಳೂ ತಮಿಳರೂ ಇಂದಿಗೂ ನಾಲಿಗೆ ಹೊರಳಿಸಿ ಆ ಧ್ವನಿಯನ್ನು ಆಡುತ್ತಾರೆ. ನಾವು ಕಳೆದುಕೊಂಡೆವು. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ೞ ಬರುವ ಪದಗಳನ್ನು ಪಟ್ಟಿ ಮಾಡಿಕೊಟ್ಟ. ಪಟ್ಟಿ ಬೇಕಾಯಿತು ಅಂದರೆ ಅಷ್ಟರಲ್ಲೇ ಜನರ ಬಾಯಲ್ಲಿ ಅದು ಕಲಸಿಹೋಗಿತ್ತು ಅಂತಲೇ ಅರ್ಥ. ಮೞೆ, ಮಳೆ, ಮಲೆ. ಒಂದು ಪದ ಮೂರು ಮೆಟ್ಟಿಲಿಳಿದು ಜಗಲಿಗೆ ಬಂದು ಕುಣಿಯುತ್ತಿದೆ!

ಕನ್ನಡದ ಸಾವಿರ ವರ್ಷವನ್ನು ಮಗು ಎರಡು ವರ್ಷದಲ್ಲಿ ಆಡಿಮುಗಿಸುತ್ತದೆ ಅಂತ ಬರೆದುಬಿಡುವ ಆಸೆ ಆ ರಾತ್ರಿ ನನಗೂ ಹುಟ್ಟಿತ್ತು. ಬೆಳಗಾಗುವಷ್ಟರಲ್ಲಿ ಇಳಿಯಿತು. ಪುಟ್ಟಿ ಯಾವತ್ತೂ ಪಕಾರವನ್ನು ಹಕಾರ ಮಾಡಿಲ್ಲ, ಪ ಅವಳಿಗೆ ಮೊದಲು ಬಂದ ಅಕ್ಷರ. ಅವಳು ಚರಿತ್ರೆಯನ್ನು ಆಡುತ್ತಿಲ್ಲ, ಅಜ್ಜಿಯ ಇವತ್ತಿನ ಕನ್ನಡವನ್ನು ಕಲಿಯುತ್ತಿದ್ದಾಳೆ. ಆದರೂ ಶಾಸನದ ಕಾಲದ ಬಾಯಿಗೂ ಅವಳ ಬಾಯಿಗೂ ನಾಲಿಗೆ ಒಂದೇ, ಅಂಗುಳು ಒಂದೇ. ಯಾವ ಧ್ವನಿ ಜಾರುತ್ತದೆ, ಯಾವುದು ಗಟ್ಟಿ ನಿಲ್ಲುತ್ತದೆ ಅನ್ನುವುದು ಆ ಮಾಂಸಕ್ಕೆ ಗೊತ್ತು.

ಚಿಂತೆ ಮಾಡಬೇಕಾದ ತೊದಲೂ ಇದೆ. ಸದ್ದಿಗೆ ತಿರುಗದ ಕೂಸು, ವರ್ಷದ ಹತ್ತಿರ ಬಂದರೂ ಬಬಬ ಅನ್ನದ ಮಗು, ನಾಲ್ಕು ತುಂಬಿದರೂ ಹೊರಗಿನವರಿಗೆ ಅರ್ಥವಾಗದ ಮಾತು. ಇಂಥಲ್ಲಿ ಮೊದಲು ಕಿವಿಯ ಪರೀಕ್ಷೆ. "ಅವರಪ್ಪನೂ ತಡವಾಗಿ ಮಾತಾಡಿದ್ದು" ಅಂತ ಕಾಯುತ್ತ ಕೂರಬಾರದು.

ಮತ್ತೆ ಹೊಂಗಡಹಳ್ಳಕ್ಕೆ ಹೋದದ್ದು ಡಿಸೆಂಬರಿನಲ್ಲಿ. ಕಾಫಿ ಹಣ್ಣಾಗಿ ಗಿಡದಲ್ಲಿ ಕೆಂಪಗೆ ತೂಗುತ್ತಿತ್ತು. ಕುಯ್ಯುವವರಿಲ್ಲದೆ ಅಣ್ಣ ನಾಲ್ಕು ದಿನದಿಂದ ಊರೂರು ಅಲೆದು, ಆಗತಾನೆ ಬಂದು ಜಗಲಿಯಲ್ಲಿ ಕೂತಿದ್ದ. ಪುಟ್ಟಿ ಓಡಿಬಂದು, ನನ್ನನ್ನು ಗುರುತಿಸಿ, ಚಳಿಗಾಲದ ನೀಲಿ ಆಕಾಶ ತೋರಿಸಿ ಹೇಳಿದಳು: "ಮಳೆ ಇಲ್ಲ." ಳ! ಸ್ಪಷ್ಟವಾಗಿ, ನಾಲಿಗೆ ಮಡಚಿ, ಳ! ಯಾರು ಕಲಿಸಿದರೋ, ಯಾವ ದಿನ ಬಂತೋ, ಮನೆಯಲ್ಲಿ ಒಬ್ಬರೂ ಗಮನಿಸಿರಲಿಲ್ಲ. ಹೊಸದಾಗಿ ಸಿಕ್ಕ ಆ ಅಕ್ಷರದ ಮೇಲೆ ಅವಳಿಗೆ ಎಷ್ಟು ಪ್ರೀತಿ ಅಂದರೆ ಬೇಕಾದ ಕಡೆ, ಬೇಡದ ಕಡೆ, ಎಲ್ಲ ಕಡೆ ಅದನ್ನೇ ಇಡುತ್ತಿದ್ದಳು. ಕಾಲು 'ತಾಳು' ಆಗಿತ್ತು, ಬಾಲ 'ಬಾಳ'.

ಸ್ವಲ್ಪ ಹೊತ್ತಿಗೆ ಹಸಿವಾಯಿತು. ಖಾಲಿ ಲೋಟ ಹಿಡಿದು ಅಪ್ಪನ ಮುಂದೆ ನಿಂತು, ಹಕಾರವಿಲ್ಲದ ಹಾಲಿಗೆ ಹೊಸ ಳಕಾರ ಸೇರಿಸಿ ಜೋರಾಗಿ ಕೇಳಿದಳು:

"ಅಪ್ಪಾ, ಆಳು ಬೇತು!"

ಅಣ್ಣ ತಲೆಯೆತ್ತಿ ಅವಳನ್ನೇ ನೋಡಿದ. "ನಂಗೂ ಬೇಕು ಕಣವ್ವ," ಅಂದ. "ಎಲ್ಲಿ ಸಿಕ್ತಾರೆ ಹೇಳು."